ಪೈಗೆ ಯುಪಿಎಸ್ ಕಾಣುತ್ತದೆ, ಪಕ್ಕದ ಸರ್ವರಿಗೆ ಕಾಣುವುದಿಲ್ಲ: ಎಲ್ಲಿ ತಪ್ಪಿದೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಒಂದೇ ಯುಪಿಎಸ್ ಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಡೆಬಿಯನ್ 11 ಇರುವ ಫೈಲ್ ಸರ್ವರ್, ಒಂದು ಸಿನಾಲಜಿ ನ್ಯಾಸ್ (ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ) ಇವೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಪೈಗೆ ಹಾಕಿದ್ದೇವೆ. ಪೈನಲ್ಲಿ ಡೆಬಿಯನ್ 12 ಆಧಾರದ ಓಎಸ್ ಇದೆ, ಯುಪಿಎಸ್ ಸ್ಥಿತಿಯನ್ನು ಬೇರೆ ಯಂತ್ರಗಳಿಗೂ ತಿಳಿಸುವ ನಟ್ ಅಂದರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅಲ್ಲಿ ಓಡುತ್ತಿದೆ. ಪೈನಲ್ಲಿ ಯಾವಾಗ ಕೇಳಿದರೂ ಯುಪಿಎಸ್ ಸ್ಥಿತಿ ಬರುತ್ತದೆ. ಫೈಲ್ ಸರ್ವರಿನಿಂದ ಕೇಳಿದರೆ ಕೆಲವು ದಿನ ಬರುತ್ತದೆ, ಕರೆಂಟ್ ಹೋಗಿ ಬಂದ ಮೇಲೆ ‘ಕನೆಕ್ಷನ್ ರೆಫ್ಯೂಸ್ಡ್’. ಪೈನಲ್ಲಿ ನಟ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಆದರೆ ಸ್ಥಿತಿ ಬರುವಾಗಲೂ ಫೈಲ್ ಸರ್ವರಿನ ಲಾಗ್‌ನಲ್ಲಿ ‘ಆಕ್ಸೆಸ್ ಡಿನೈಡ್’ ಅಂತಿರುತ್ತದೆ. ಕಳೆದ ಸಲ ಕರೆಂಟ್ ಹೋದಾಗ ಪೈ ಸರಿಯಾಗಿ ಶಟ್‌ಡೌನ್ ಆಯಿತು, ಫೈಲ್ ಸರ್ವರ್ ಹಾಗೇ ಸತ್ತಿತು. ಪೈನಲ್ಲಿ ನಟ್ ಕಿವಿಗೊಡುವ ವಿಳಾಸವಾಗಿ 127.0.0.1 (ಪೈ ಒಳಗಿನದು) ಮತ್ತು 192.168.1.20 (ನೆಟ್‌ವರ್ಕಿನಲ್ಲಿ ಪೈನ ಐಪಿ) ಎರಡನ್ನೂ ಕೊಟ್ಟಿದ್ದೇವೆ. ರೂಟರ್ ಮತ್ತು ನೆಟ್‌ವರ್ಕ್ ಸ್ವಿಚ್ ಗೋಡೆಯ ಸಾಕೆಟ್‌ನಲ್ಲಿವೆ. ಇನ್ನೇನು ನೋಡಬೇಕು?

ಉತ್ತರ: ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲೇ ಮುಖ್ಯ ಉತ್ತರ ಇದೆ. ರೆಫ್ಯೂಸ್ಡ್ ಬರುವುದಕ್ಕೆ ಆ 192.168.1.20 ಕಾರಣ, ಫೈಲ್ ಸರ್ವರ್ ಸತ್ತದ್ದಕ್ಕೆ ಗೋಡೆಯ ಸಾಕೆಟ್ಟಿಗೆ ಹಾಕಿದ ನೆಟ್‌ವರ್ಕ್ ಸ್ವಿಚ್ ಕಾರಣ. ಆಕ್ಸೆಸ್ ಡಿನೈಡ್ ಬೇರೆಯೇ ವಿಷಯ, ಅದು ಪಾಸ್‌ವರ್ಡ್ ಕಡತದ್ದು. ಮೂರನ್ನೂ ಒಂದೇ ರೋಗ ಅಂದುಕೊಂಡು ಹುಡುಕಿದರೆ ದಿನಗಟ್ಟಲೆ ಸುತ್ತಬೇಕಾಗುತ್ತದೆ.

ಕಮಾಂಡು, ಕಡತದ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ. ಲಿಸನ್, ಮಾನಿಟರ್, ಡೆಡ್‌ಟೈಮ್ ಥರದ ಸೆಟ್ಟಿಂಗ್ ಪದಗಳು ದೊಡ್ಡಕ್ಷರದಲ್ಲಿ, ಕಡತ ಮತ್ತು ಕಮಾಂಡಿನ ಹೆಸರುಗಳು ಸಣ್ಣಕ್ಷರದಲ್ಲಿ. ‘ಯುಪಿಎಸ್.ಕಾನ್ಫ್’ ಮತ್ತು ‘ಯುಪಿಎಸ್‌ಡಿ.ಯೂಸರ್ಸ್’ ಕಡತಗಳ ಒಳಗಿನ ಪದಗಳೂ ಸಣ್ಣಕ್ಷರವೇ.

ನಟ್‌ನಲ್ಲಿ ಸುದ್ದಿ ಮೂರು ಕೈ ದಾಟಿ ಬರುತ್ತದೆ. ಮೊದಲು ಡ್ರೈವರ್, ಅದು ಯುಎಸ್‌ಬಿ ಮೂಲಕ ಯುಪಿಎಸ್‌ನೊಡನೆ ಮಾತಾಡುತ್ತದೆ. ಅದರಿಂದ ಯುಪಿಎಸ್‌ಡಿ ಎಂಬ ಸರ್ವರ್ ಪ್ರೋಗ್ರಾಂ ಮಾಹಿತಿ ಪಡೆದು ಟಿಸಿಪಿ 3493ನೇ ಪೋರ್ಟಿನಲ್ಲಿ ಹಂಚುತ್ತದೆ. ಪ್ರತಿ ಯಂತ್ರದಲ್ಲಿರುವ ಯುಪಿಎಸ್‌ಮಾನ್ ಐದು ಸೆಕೆಂಡಿಗೊಮ್ಮೆ ಆ ಪೋರ್ಟಿಗೆ ಹೋಗಿ ಕೇಳುತ್ತದೆ. ಪೈ ಮೇಲೆ ಸ್ಥಿತಿ ಕೇಳುವ ಯುಪಿಎಸ್‌ಸಿ ಕಮಾಂಡ್ ಉತ್ತರ ಕೊಟ್ಟಿತೆಂದರೆ ಡ್ರೈವರೂ ಯುಪಿಎಸ್‌ಡಿಯೂ ಬದುಕಿವೆ ಎಂದು ಮಾತ್ರ ಗೊತ್ತಾಯಿತು. ಆ ಪ್ರಶ್ನೆ 127.0.0.1ಕ್ಕೆ ಹೋದದ್ದು, ಪೈ ಬಿಟ್ಟು ಹೊರಗೆ ಬಂದೇ ಇಲ್ಲ.

ಹಾಗಾಗಿ ಮುಂದಿನ ಸಲ ರೆಫ್ಯೂಸ್ಡ್ ಬಂದಾಗ ನಟ್ ರೀಸ್ಟಾರ್ಟ್ ಮಾಡುವ ಮೊದಲು ಪೈನಲ್ಲಿ ಇದನ್ನು ಓಡಿಸಿ:

ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ | ಗ್ರೆಪ್ 3493

ಬರಬೇಕಾದ್ದು ಎರಡು ಸಾಲು, 127.0.0.1:3493 ಮತ್ತು 192.168.1.20:3493. ನಿಮಗೆ ಸಿಗುವುದು ಮೊದಲನೆಯದು ಮಾತ್ರ. ಕರೆಂಟ್ ಬಂದಾಗ ಪೈ ಮತ್ತು ರೂಟರ್ ಒಟ್ಟಿಗೇ ಏಳುತ್ತವೆ. ರೂಟರ್ ಪೂರ್ತಿ ಎದ್ದು ಐಪಿ ಹಂಚುವ ಹೊತ್ತಿಗೆ ಪೈನಲ್ಲಿ ಯುಪಿಎಸ್‌ಡಿ ಆಗಲೇ ಶುರುವಾಗಿರುತ್ತದೆ. ಆ ಕ್ಷಣಕ್ಕೆ 192.168.1.20 ಎಂಬ ವಿಳಾಸ ಪೈ ಮೇಲೆ ಇರುವುದೇ ಇಲ್ಲ. ಇಲ್ಲದ ವಿಳಾಸಕ್ಕೆ ಕಿವಿಗೊಡಲು ಆಗುವುದಿಲ್ಲ. ನಟ್‌ನ ಆವೃತ್ತಿಗೆ ತಕ್ಕಂತೆ ಅದು ಸಿಕ್ಕ ವಿಳಾಸದ ಮೇಲಷ್ಟೇ ಕೂರುತ್ತದೆ, ಇಲ್ಲವೇ ಶುರುವಾಗದೆ ನಿಂತುಬಿಡುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಮೊದಲನೆಯದು. ವಿಳಾಸ ಆಮೇಲೆ ಬಂದರೂ ಯುಪಿಎಸ್‌ಡಿ ಮತ್ತೆ ತಿರುಗಿ ನೋಡುವುದಿಲ್ಲ, ನೀವು ರೀಸ್ಟಾರ್ಟ್ ಮಾಡಿದಾಗ ಮಾತ್ರ ಹಿಡಿಯುತ್ತದೆ. ‘ಜರ್ನಲ್‌ಸಿಟಿಎಲ್ -ಯು ನಟ್-ಸರ್ವರ್ -ಬಿ’ ಓಡಿಸಿದರೆ ‘ನಾಟ್ ಲಿಸನಿಂಗ್ ಆನ್ 192.168.1.20 ಪೋರ್ಟ್ 3493’ ಎಂಬ ಸಾಲು ಸಿಗಬೇಕು.

ಪರಿಹಾರಕ್ಕೆ ಎರಡು ದಾರಿ. ಆ ವಿಳಾಸವನ್ನೇ ಉಳಿಸಿಕೊಳ್ಳಬೇಕಾದರೆ ‘ಸಿಸ್ಟಂಸಿಟಿಎಲ್ ಎಡಿಟ್ ನಟ್-ಸರ್ವರ್’ ಮಾಡಿ ಯೂನಿಟ್ ವಿಭಾಗದಲ್ಲಿ ವಾಂಟ್ಸ್ ಮತ್ತು ಆಫ್ಟರ್ (ಈ ಮೂರಕ್ಕೂ ಮೊದಲಕ್ಷರ ಮಾತ್ರ ದೊಡ್ಡದು) ಎರಡಕ್ಕೂ ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಕೊಡಬಹುದು. ಆದರೆ ರೂಟರ್ ಏಳುವುದು ತೀರಾ ತಡವಾದರೆ ಆ ಕಾಯುವಿಕೆಗೂ ಅವಧಿ ಮುಗಿದು ಮತ್ತೆ ಅದೇ ಕಥೆ. ಎರಡನೆಯ ದಾರಿ ಗಟ್ಟಿ: ‘/ಇಟಿಸಿ/ನಟ್/ಯುಪಿಎಸ್‌ಡಿ.ಕಾನ್ಫ್’ನಲ್ಲಿರುವ ಎರಡೂ ಲಿಸನ್ ಸಾಲು ತೆಗೆದು ಒಂದೇ ಒಂದು ಬರೆಯಿರಿ:

ಲಿಸನ್ 0.0.0.0 3493

ಇದು ಪೈನ ಎಲ್ಲ ಐಪಿವಿ4 ವಿಳಾಸಗಳಿಗೂ ಅನ್ವಯ, ಆಮೇಲೆ ಬರುವ ವಿಳಾಸಗಳಿಗೂ. ಐಪಿ ಬದಲಾದರೂ ಸರ್ವರ್ ಕಡೆ ಏನೂ ಕೆಡುವುದಿಲ್ಲ. ಒಂದು ಎಚ್ಚರ: ಲಿಸನ್ ಸಾಲನ್ನು ಯುಪಿಎಸ್‌ಡಿ ಶುರುವಾಗುವಾಗ ಮಾತ್ರ ಓದುತ್ತದೆ. ರೀಲೋಡ್ ಸಾಲದು, ‘ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ನಟ್-ಸರ್ವರ್’ ಮಾಡಲೇಬೇಕು. ಕಡತ ಸರಿಯಿದ್ದೂ ಕೆಲಸ ಆಗದೆ ಜನ ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಇನ್ನೊಂದು: ಲಿಸನ್ ಸಾಲು ಒಂದೂ ಇಲ್ಲದಿದ್ದರೆ ಯುಪಿಎಸ್‌ಡಿ ತನ್ನ ಯಂತ್ರಕ್ಕೆ ಮಾತ್ರ ಕಿವಿಗೊಡುತ್ತದೆ. ಹೊಸದಾಗಿ ನಟ್ ಹಾಕಿದವರಿಗೆ ರೆಫ್ಯೂಸ್ಡ್ ಬರಲು ಅದೇ ಕಾರಣ.

ಎಲ್ಲ ವಿಳಾಸಕ್ಕೂ ತೆರೆದ ಮೇಲೆ ಬೇಲಿ ಹಾಕುವುದು ಫೈರ್‌ವಾಲ್ ಕೆಲಸ. ಪೈನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಇದ್ದರೆ:

ಸುಡೋ ಯುಎಫ್‌ಡಬ್ಲ್ಯು ಅಲೋ ಫ್ರಮ್ 192.168.1.0/24 ಟು ಎನಿ ಪೋರ್ಟ್ 3493 ಪ್ರೋಟೊ ಟಿಸಿಪಿ

ಯುಎಫ್‌ಡಬ್ಲ್ಯುವನ್ನು ಇದೇ ಮೊದಲ ಸಲ ಚಾಲೂ ಮಾಡುವುದಾದರೆ, ಮತ್ತು ನೀವು ಎಸ್‌ಎಸ್‌ಎಚ್ ಮೂಲಕ ಒಳಗಿದ್ದರೆ, ಮೊದಲು 22ನೇ ಪೋರ್ಟಿಗೆ ಅನುಮತಿ ಕೊಡಿ. ಇಲ್ಲದಿದ್ದರೆ ಪೈಗೆ ಕೀಬೋರ್ಡು ಮಾನಿಟರು ಹೊತ್ತುಕೊಂಡು ಹೋಗಬೇಕಾಗುತ್ತದೆ. ರೂಟರಿನಲ್ಲಿ 3493ಕ್ಕೆ ಪೋರ್ಟ್ ಫಾರ್ವರ್ಡ್ ಎಂದೂ ಬೇಡ. ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಹೊಂದಿಸದಿದ್ದರೆ ಇಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆಯೇ ಹರಿಯುತ್ತದೆ.

ದೋಷದ ಸಂದೇಶ ಬದಲಾದರೆ ಹುಡುಕುವ ಜಾಗವೂ ಬದಲಾಗುತ್ತದೆ. ರೆಫ್ಯೂಸ್ಡ್ ಎಂದರೆ ಯಂತ್ರದವರೆಗೆ ತಲುಪಿದೆ, ಬಾಗಿಲು ತೆರೆಯಲು ಯಾರೂ ಇಲ್ಲ. ಕನೆಕ್ಷನ್ ಟೈಮ್ಡ್ ಔಟ್ ಬಂದರೆ ಪ್ಯಾಕೆಟ್ಟನ್ನು ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆ ಎಂದು ಮೊದಲು ಅನುಮಾನಿಸಿ. ‘ನೋ ರೂಟ್ ಟು ಹೋಸ್ಟ್’ ಬಂದು ಪಿಂಗ್ ಮಾತ್ರ ಹೋಗುತ್ತಿದ್ದರೆ ರೂಟಿಂಗ್ ಹುಡುಕುತ್ತ ಕೂರಬೇಡಿ. ಫೆಡೋರಾ, ರೆಡ್ ಹ್ಯಾಟ್ ಬಳಗದ ಯಂತ್ರ ಸರ್ವರ್ ಆಗಿದ್ದಾಗ ಫೈರ್‌ವಾಲ್‌ಡಿ ತಡೆದದ್ದು ಕ್ಲೈಂಟಿಗೆ ಹೀಗೇ ಕಾಣುತ್ತದೆ. ಪಿಂಗೂ ಇಲ್ಲವಾದರೆ ಕೇಬಲ್, ಐಪಿ, ಅಥವಾ ಕ್ಲೈಂಟ್ ಗೆಸ್ಟ್ ವೈಫೈನಲ್ಲಿ ಸಿಕ್ಕಿಕೊಂಡಿರುವುದು. ಗೆಸ್ಟ್ ನೆಟ್‌ವರ್ಕಿನಲ್ಲಿರುವ ಯಂತ್ರಗಳನ್ನು ರೂಟರ್ ಒಳಗಿನವುಗಳಿಂದ ಬೇರೆ ಇಡುತ್ತದೆ. ‘ಡೇಟಾ ಸ್ಟೇಲ್’ ಅಥವಾ ‘ಡ್ರೈವರ್ ನಾಟ್ ಕನೆಕ್ಟೆಡ್’ ಎಂದು ಬಂದರೆ ನೆಟ್‌ವರ್ಕ್ ಚೆನ್ನಾಗಿದೆ ಎಂದೇ ಅರ್ಥ: ಉತ್ತರ ಕೊಟ್ಟದ್ದು ಯುಪಿಎಸ್‌ಡಿ, ಅದಕ್ಕೆ ಡ್ರೈವರಿನಿಂದ ಸುದ್ದಿ ಬಂದಿಲ್ಲ. ಆಗ ಯುಎಸ್‌ಬಿ ಕಡೆ ನೋಡಿ. ಪೈಗೆ ದುರ್ಬಲ ಅಡಾಪ್ಟರ್ ಹಾಕಿದ್ದರೆ ಯುಎಸ್‌ಬಿ ಆಗಾಗ ಬಿಟ್ಟುಹೋಗುತ್ತದೆ. ಡಿಮೆಸೇಜ್ (ಡಿಎಂಇಎಸ್‌ಜಿ) ಲಾಗ್‌ನಲ್ಲಿ ಅಂಡರ್‌ವೋಲ್ಟೇಜ್ ಮತ್ತು ಯುಎಸ್‌ಬಿ ಡಿಸ್ಕನೆಕ್ಟ್ ಸಾಲುಗಳು ಜೊತೆಜೊತೆಗೆ ಸಿಗುತ್ತವೆ. ಅದೇ ಯಂತ್ರದಲ್ಲಿ ಎಪಿಸಿ ಯುಪಿಎಸ್‌ಗಳಿಗಿರುವ ಎಪಿಸಿಯುಪಿಎಸ್‌ಡಿ ಎಂಬ ಬೇರೆ ಪ್ರೋಗ್ರಾಮೂ ಓಡುತ್ತಿದ್ದರೆ ಅದು ಯುಎಸ್‌ಬಿಯನ್ನು ಹಿಡಿದಿಟ್ಟುಕೊಂಡು ನಟ್ ಡ್ರೈವರಿಗೆ ಬಿಡುವುದಿಲ್ಲ. ಅದರ ಪೋರ್ಟ್ 3551, ಭಾಷೆಯೂ ಬೇರೆ. ಇನ್ನು ‘ಇನಿಟ್ ಎಸ್‌ಎಸ್‌ಎಲ್ ವಿತೌಟ್ ಸರ್ಟಿಫಿಕೇಟ್ ಡೇಟಾಬೇಸ್’ ಎಂಬ ಸಾಲು ದೋಷವೇ ಅಲ್ಲ. ಬಿಟ್ಟುಬಿಡಿ.

ಈಗ ಆಕ್ಸೆಸ್ ಡಿನೈಡ್. ಯುಪಿಎಸ್‌ಸಿಗೆ ಪಾಸ್‌ವರ್ಡ್ ಬೇಕಿಲ್ಲ, ಯಾರು ಕೇಳಿದರೂ ಸ್ಥಿತಿ ಹೇಳುತ್ತದೆ. ಯುಪಿಎಸ್‌ಮಾನ್ ಹಾಗಲ್ಲ, ಅದು ಲಾಗಿನ್ ಆಗಬೇಕು. ಸ್ಥಿತಿ ಬರುತ್ತಿದ್ದೂ ಲಾಗಿನ್ ಸೋಲುವುದು ಇದೇ ಕಾರಣಕ್ಕೆ. ಕೈಯಾರೆ ಪರೀಕ್ಷಿಸಲು ಫೈಲ್ ಸರ್ವರಿನಿಂದ ‘ಎನ್‌ಸಿ 192.168.1.20 3493’ ಎಂದು ಸೇರಿ, ಒಂದೊಂದು ಸಾಲಾಗಿ ದೊಡ್ಡಕ್ಷರದಲ್ಲಿ ‘ಲಿಸ್ಟ್ ಯುಪಿಎಸ್’, ಆಮೇಲೆ ‘ಯೂಸರ್‌ನೇಮ್’ ಮತ್ತು ಹೆಸರು, ‘ಪಾಸ್‌ವರ್ಡ್’ ಮತ್ತು ಗುಟ್ಟು, ಕೊನೆಗೆ ‘ಲಾಗಿನ್’ ಮತ್ತು ಯುಪಿಎಸ್‌ನ ಹೆಸರು ಕೊಡಿ. ಪಾಸ್‌ವರ್ಡ್ ತಪ್ಪಿದ್ದರೂ ಆ ಸಾಲಿಗೆ ‘ಓಕೆ’ ಎಂದೇ ಉತ್ತರ ಬರುತ್ತದೆ. ಸರ್ವರ್ ಅದನ್ನು ತಾಳೆ ನೋಡುವುದು ಲಾಗಿನ್ ಹಂತದಲ್ಲಿ. ಅಲ್ಲೂ ಓಕೆ ಬಂದರೆ ಗೆದ್ದಿರಿ.

ಲಾಗಿನ್ ಸೋತರೆ ಪೈನಲ್ಲಿರುವ ‘ಯುಪಿಎಸ್‌ಡಿ.ಯೂಸರ್ಸ್’ ಕಡತ ತೆರೆಯಿರಿ. ಚೌಕ ಕಂಸದಲ್ಲಿ ಬಳಕೆದಾರನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಸಾಲು, ಅದರ ಕೆಳಗೆ ‘ಯುಪಿಎಸ್‌ಮಾನ್ ಸೆಕೆಂಡರಿ’ ಎಂಬ ಸಾಲು ಇರಬೇಕು. ಈ ಮೂರನೆಯದು ಇಲ್ಲದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್‌ನಲ್ಲಿ ಹ್ಯಾಶ್ ಗುರುತು ಅಥವಾ ಖಾಲಿ ಜಾಗ ಇದ್ದರೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಹ್ಯಾಶ್ ಆದಮೇಲಿನದನ್ನು ನಟ್ ಟಿಪ್ಪಣಿ ಎಂದು ಓದುತ್ತದೆ. ಈ ಕಡತ ಬದಲಿಸಿದರೆ ‘ಯುಪಿಎಸ್‌ಡಿ -ಸಿ ರೀಲೋಡ್’ ಸಾಕು.

ನಿಮ್ಮಲ್ಲಿ ಆವೃತ್ತಿಯ ವ್ಯತ್ಯಾಸವೂ ಇದೆ. ಪ್ರೈಮರಿ (ಯುಪಿಎಸ್ ಕೇಬಲ್ ಇರುವ ಯಂತ್ರ), ಸೆಕೆಂಡರಿ (ಅದನ್ನು ಕೇಳುವ ಉಳಿದವು) ಎಂಬ ಪದಗಳು 2022ರಲ್ಲಿ ಬಂದ ನಟ್ 2.8.0ರಿಂದ ಈಚಿನವು, ಮೊದಲು ಮಾಸ್ಟರ್, ಸ್ಲೇವ್ ಎಂದಿತ್ತು. ಡೆಬಿಯನ್ 11ರಲ್ಲಿರುವುದು 2.7.4, ಅದಕ್ಕೆ ಹೊಸ ಪದ ಅರ್ಥವಾಗುವುದಿಲ್ಲ. ಪೈನ 2.8 ಎರಡನ್ನೂ ಒಪ್ಪುತ್ತದೆ. ಹಾಗಾಗಿ ಫೈಲ್ ಸರ್ವರಿನ ‘ಯುಪಿಎಸ್‌ಮಾನ್.ಕಾನ್ಫ್’ನಲ್ಲಿ ಮಾನಿಟರ್ ಸಾಲು ಹೀಗಿರಲಿ: ಮಾನಿಟರ್, ಯುಪಿಎಸ್ ಹೆಸರು@192.168.1.20, ಅಂಕಿ 1, ಬಳಕೆದಾರ, ಪಾಸ್‌ವರ್ಡ್, ಕೊನೆಗೆ ಸ್ಲೇವ್. ನಡುವಿನ 1 ಎಂದರೆ ಈ ಯಂತ್ರಕ್ಕೆ ಆ ಯುಪಿಎಸ್‌ನಿಂದಲೇ ಕರೆಂಟ್ ಬರುತ್ತಿದೆ ಎಂದು. ಅಲ್ಲಿ 0 ಹಾಕಿ ಮಿನ್‌ಸಪ್ಲೈಸ್ (ಕನಿಷ್ಠ ಬೇಕಾದ ಕರೆಂಟ್ ಮೂಲಗಳು) 1 ಇಟ್ಟರೆ ಯುಪಿಎಸ್‌ಮಾನ್ ಶುರುವೇ ಆಗುವುದಿಲ್ಲ. ವಿಳಾಸವನ್ನು ಅಂಕಿಗಳಲ್ಲೇ ಕೊಡಿ, ‘.ಲೋಕಲ್’ ಹೆಸರು ಬೇಡ: ಹೆಸರನ್ನು ವಿಳಾಸವಾಗಿ ಬಿಡಿಸುವ ಇನ್ನೊಂದು ಕೊಂಡಿ ಕರೆಂಟ್ ಹೋದ ಹೊತ್ತಿಗೆ ನಮಗೆ ಬೇಕಿಲ್ಲ. ರೂಟರಿನಲ್ಲಿ ಪೈನ ಮ್ಯಾಕ್ ವಿಳಾಸಕ್ಕೆ ಆ ಐಪಿಯನ್ನು ಕಾಯ್ದಿರಿಸಿ. ವೈರಿನ ಮ್ಯಾಕ್ ಬೇರೆ, ವೈಫೈನ ಮ್ಯಾಕ್ ಬೇರೆ; ವೈರಿನದನ್ನೇ ಬರೆದುಕೊಳ್ಳಿ. ‘ನಟ್.ಕಾನ್ಫ್’ನಲ್ಲಿ ಪೈಗೆ ಮೋಡ್=ನೆಟ್‌ಸರ್ವರ್, ಫೈಲ್ ಸರ್ವರಿಗೆ ಮೋಡ್=ನೆಟ್‌ಕ್ಲೈಂಟ್, ಸಮ ಚಿಹ್ನೆಯ ಎಡಬಲಕ್ಕೆ ಖಾಲಿ ಜಾಗ ಬಿಡದೆ.

ಸಿನಾಲಜಿ ನ್ಯಾಸ್ ಬಗ್ಗೆ ನೀವು ಏನೂ ದೂರಿಲ್ಲ, ಆದರೂ ನೋಡಿಕೊಳ್ಳಿ. ಕ್ಲೈಂಟ್ ಆದಾಗ ಅದು ಸರ್ವರಿನ ಐಪಿ ಒಂದನ್ನೇ ಕೇಳುತ್ತದೆ, ಉಳಿದದ್ದನ್ನು ತಾನೇ ತೀರ್ಮಾನಿಸುತ್ತದೆ: ಯುಪಿಎಸ್‌ನ ಹೆಸರು ‘ಯುಪಿಎಸ್’, ಬಳಕೆದಾರ ‘ಮಾನ್‌ಯೂಸರ್’, ಪಾಸ್‌ವರ್ಡ್ ‘ಸೀಕ್ರೆಟ್’, ಎಲ್ಲ ಸಣ್ಣಕ್ಷರ. ಪೈನ ‘ಯುಪಿಎಸ್.ಕಾನ್ಫ್’ನಲ್ಲಿ ಯುಪಿಎಸ್‌ಗೆ ಬೇರೆ ಹೆಸರಿಟ್ಟಿದ್ದರೆ ಇದೇ ಹೆಸರಿಗೆ ಬದಲಿಸಿ, ಆ ಬಳಕೆದಾರನನ್ನೂ ಸೇರಿಸಿ. ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಆದ್ದರಿಂದ ಆ ಬಳಕೆದಾರನಿಗೆ ಸೆಕೆಂಡರಿ ಬಿಟ್ಟು ಬೇರೆ ಯಾವ ಅಧಿಕಾರವೂ ಬೇಡ.

ಇನ್ನು ಫೈಲ್ ಸರ್ವರ್ ಯಾಕೆ ಸತ್ತಿತು ಎಂಬುದು. ಇದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಮೇಲಿನದೆಲ್ಲ ಸರಿಪಡಿಸಿದರೂ ಇದು ಹಾಗೇ ಉಳಿಯುತ್ತದೆ.

ಕರೆಂಟ್ ಹೋದ ಕ್ಷಣಕ್ಕೆ ಸ್ವಿಚ್ ಆರಿತು. ಪೈ ಯುಎಸ್‌ಬಿ ಮೂಲಕ ‘ಆನ್ ಬ್ಯಾಟರಿ’ ಎಂದು ತಿಳಿದುಕೊಂಡಿತು, ಆದರೆ ಹೇಳಲು ದಾರಿ ಇಲ್ಲ. ಫೈಲ್ ಸರ್ವರ್ ಕೊನೆಯ ಸಲ ಕೇಳಿದಾಗ ಉತ್ತರ ‘ಓಎಲ್’, ಅಂದರೆ ಮೇನ್ಸ್ ಇದೆ ಎಂದು. ಆಮೇಲೆ ಸಂಪರ್ಕವೇ ಇಲ್ಲ. ಡೆಡ್‌ಟೈಮ್ ಎಂಬ 15 ಸೆಕೆಂಡ್ ಕಳೆದ ಮೇಲೆ ಯುಪಿಎಸ್‌ಮಾನ್ ಆ ಯುಪಿಎಸ್ ಅನ್ನು ಸತ್ತದ್ದು ಎಂದು ಗುರುತು ಹಾಕುತ್ತದೆ. ಇಲ್ಲಿ ನಟ್‌ನ ನಿಯಮವನ್ನು ಸರಿಯಾಗಿ ತಿಳಿಯಬೇಕು: ಕೊನೆಗೆ ಬ್ಯಾಟರಿ ಮೇಲಿದೆ ಎಂದು ಗೊತ್ತಿದ್ದ ಯುಪಿಎಸ್ ಹೀಗೆ ಮಾತು ನಿಲ್ಲಿಸಿದರೆ, ಬ್ಯಾಟರಿ ಮುಗಿಯಿತು ಎಂದೇ ಭಾವಿಸಿ ಯಂತ್ರವನ್ನು ಶಟ್‌ಡೌನ್ ಮಾಡುತ್ತದೆ. ಮೇನ್ಸ್ ಇದೆ ಎಂದು ಹೇಳಿ ಮಾತು ನಿಲ್ಲಿಸಿದರೆ ಬರೀ ಎಚ್ಚರಿಕೆ ಬರೆದು ಸುಮ್ಮನಿರುತ್ತದೆ. ಅದು ನ್ಯಾಯವೂ ಹೌದು, ಕೇಬಲ್ ಕಿತ್ತುಬಂದಾಗೆಲ್ಲ ಸರ್ವರ್ ಆಫ್ ಆಗಬಾರದಲ್ಲ. ನಿಮ್ಮ ಸ್ವಿಚ್ ಕರೆಂಟಿನ ಜೊತೆಗೇ ಸತ್ತದ್ದರಿಂದ ಫೈಲ್ ಸರ್ವರಿಗೆ ‘ಓಬಿ’, ಅಂದರೆ ಆನ್ ಬ್ಯಾಟರಿ ಎಂಬ ಮಾತು ಒಮ್ಮೆಯೂ ಮುಟ್ಟಲಿಲ್ಲ. ಪೈ ತಾನು ಮಲಗುವಾಗ ಯುಪಿಎಸ್‌ಗೆ ಔಟ್‌ಪುಟ್ ಕತ್ತರಿಸಲು ಹೇಳಿತು. ಫೈಲ್ ಸರ್ವರ್ ಕೆಲಸ ಮಾಡುತ್ತಿದ್ದಂತೆಯೇ ಕತ್ತಲಾಯಿತು.

ಆದ್ದರಿಂದ ಪೈ, ಫೈಲ್ ಸರ್ವರ್, ನ್ಯಾಸ್ ಮೂರೂ ಒಂದೇ ಸ್ವಿಚ್ಚಿನಲ್ಲಿರಲಿ, ಆ ಸ್ವಿಚ್ ಯುಪಿಎಸ್‌ನ ಬ್ಯಾಟರಿ ಸಾಕೆಟ್ಟಿನಲ್ಲಿರಲಿ. ಕೆಲವು ಯುಪಿಎಸ್‌ಗಳಲ್ಲಿ ಒಂದೆರಡು ಸಾಕೆಟ್ ಸರ್ಜ್ ರಕ್ಷಣೆಗಷ್ಟೇ. ಅದಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಐದು ಪೋರ್ಟಿನ ಸಣ್ಣ ಸ್ವಿಚ್ ತಿನ್ನುವುದು ಕೆಲವೇ ವಾಟ್, ಬ್ಯಾಟರಿ ಸಮಯಕ್ಕೆ ಲೆಕ್ಕಕ್ಕೇ ಬಾರದು. ಐಪಿಗಳು ಸ್ಥಿರವಾಗಿದ್ದರೆ ಈ ಮಾತುಕತೆಗೆ ರೂಟರ್ ಬೇಕಿಲ್ಲ. ನಮ್ಮಲ್ಲಿ ರೂಟರನ್ನು ಮನೆ ಇನ್ವರ್ಟರ್ ಲೈನಿಗೆ ಹಾಕಿ ನೆಮ್ಮದಿಯಾಗಿರುವವರು ಬಹಳ. ಇನ್ವರ್ಟರ್ ಬದಲಾಗುವ ಆ ಒಂದು ಕ್ಷಣದಲ್ಲೇ ಕೆಲವು ರೂಟರ್, ಸ್ವಿಚ್‌ಗಳು ರೀಬೂಟ್ ಆಗುತ್ತವೆ, ಫ್ಯಾನ್ ತಿರುಗುತ್ತಲೇ ಇರುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ.

ಮ್ಯಾನೇಜ್ಡ್ ಸ್ವಿಚ್ ಆದರೆ ಇನ್ನೊಂದು ತೊಡಕು. ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ಕಾಯುವ ಹಳೆಯ ಸ್ಪ್ಯಾನಿಂಗ್ ಟ್ರೀ ಚಾಲೂ ಇದ್ದರೆ ಲಿಂಕ್ ಬಂದ ಮೇಲೂ 15 ಮತ್ತು 15, ಒಟ್ಟು 30 ಸೆಕೆಂಡ್ ಆ ಪೋರ್ಟ್ ಏನನ್ನೂ ದಾಟಿಸುವುದಿಲ್ಲ. ಬ್ಯಾಟರಿ ಮೇಲಿದ್ದಾಗ ಲಿಂಕ್ ಒಮ್ಮೆ ಬಿದ್ದೆದ್ದರೂ 15 ಸೆಕೆಂಡಿನ ಡೆಡ್‌ಟೈಮ್ ಮೀರಿ ಕ್ಲೈಂಟ್ ವಿನಾಕಾರಣ ಆಫ್ ಆಗುತ್ತದೆ. ಹಾಗೆ ಕಾಯದಿರಲು ಆ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಮಾಡಿ. ಡೆಡ್‌ಟೈಮ್ ಹೆಚ್ಚಿಸುವುದಾದರೆ ಪೋಲ್‌ಫ್ರೀಕ್‌ನ (ಯುಪಿಎಸ್‌ಮಾನ್ ಕೇಳುವ ಆ ಐದು ಸೆಕೆಂಡಿನ ಅಂತರ) ಗುಣಕವಾಗಿರಲಿ, ಕನಿಷ್ಠ ಮೂರು ಪಟ್ಟು.

ನೆಟ್‌ವರ್ಕ್ ಉಳಿದ ಮೇಲೆ ಸಮಯದ ಹೊಂದಾಣಿಕೆ. ಬ್ಯಾಟರಿ ತಗ್ಗಿದಾಗ ಪೈ ‘ಎಫ್‌ಎಸ್‌ಡಿ’, ಅಂದರೆ ಫೋರ್ಸ್ಡ್ ಶಟ್‌ಡೌನ್ ಎಂಬ ಗುರುತು ಹಾಕಿ, ಕ್ಲೈಂಟ್‌ಗಳು ಲಾಗೌಟ್ ಆಗಲೆಂದು ಹೋಸ್ಟ್‌ಸಿಂಕ್‌ನಷ್ಟು, ಅಂದರೆ ಮಾಮೂಲಿಗೆ 15 ಸೆಕೆಂಡ್ ಕಾಯುತ್ತದೆ. ಆದರೆ ಕ್ಲೈಂಟ್ ಲಾಗೌಟ್ ಆಗುವುದು ಶಟ್‌ಡೌನ್ ಶುರು ಮಾಡಿದಾಗ, ಮುಗಿದಾಗ ಅಲ್ಲ. ಫೈಲ್ ಸರ್ವರ್ ಆರಲು ಎರಡು ನಿಮಿಷ ತೆಗೆದುಕೊಂಡರೆ ಪೈ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿ ಔಟ್‌ಪುಟ್ ಕತ್ತರಿಸಿಬಿಡುತ್ತದೆ. ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರಿನಲ್ಲಿ ಆಫ್‌ಡಿಲೇ, ಅಂದರೆ ಕತ್ತರಿಸು ಎಂದ ಮೇಲೆ ಯುಪಿಎಸ್ ಕಾಯುವ ಹೊತ್ತು, ಇರುವುದು ಬರೀ 20 ಸೆಕೆಂಡ್. ಗಡಿಯಾರ ಹಿಡಿದು ಫೈಲ್ ಸರ್ವರ್ ಆರಲು ಎಷ್ಟು ಹೊತ್ತು ಬೇಕು ನೋಡಿ, ಪೈನ ಫೈನಲ್‌ಡಿಲೇಯನ್ನು (ಶಟ್‌ಡೌನ್ ಕಮಾಂಡಿಗೆ ಮುಂಚಿನ ಕಾಯುವಿಕೆ) 5ರಿಂದ ಅಷ್ಟಕ್ಕೆ ಏರಿಸಿ, ಕ್ಲೈಂಟಿನದು 5 ಇದ್ದಂತೆಯೇ ಇರಲಿ. ಇಷ್ಟು ಹೊತ್ತು ತಡೆಯುವಷ್ಟು ಬ್ಯಾಟರಿ ಉಳಿದಿರಬೇಕು. ಹಳೆಯ ಬ್ಯಾಟರಿ ‘ಲೋ’ ಎಂದು ಹೇಳಿದ ಮೇಲೆ ಅಷ್ಟು ತಡೆಯದಿರಬಹುದು. ನಿಮ್ಮ ಯುಪಿಎಸ್ ಶೇಕಡಾವಾರು ಚಾರ್ಜ್ ಹೇಳುತ್ತಿದ್ದರೆ ‘ಯುಪಿಎಸ್.ಕಾನ್ಫ್’ನಲ್ಲಿ ಯುಪಿಎಸ್ ಹೇಳುವ ‘ಲೋ’ವನ್ನು ಕಡೆಗಣಿಸುವ ‘ಇಗ್ನೋರ್‌ಎಲ್‌ಬಿ’ ಹಾಕಿ, ‘ಓವರ್‌ರೈಡ್.ಬ್ಯಾಟರಿ.ಚಾರ್ಜ್.ಲೋ = 40’ ಎಂದು ಕೊಡಿ. ನನ್ನ ಸಲಹೆ ಬೇಗನೆ ಆರಿಸುವ ಕಡೆಗೇ. ಕಡತಗಳು ಕೆಟ್ಟರೆ ಆಗುವ ನಷ್ಟಕ್ಕೆ ಹೋಲಿಸಿದರೆ ಹತ್ತು ನಿಮಿಷ ಹೆಚ್ಚು ಓಡಿದ್ದರಿಂದ ಬರುವ ಲಾಭ ಏನೂ ಅಲ್ಲ.

ಪರೀಕ್ಷೆಯನ್ನು ಎರಡು ಹಂತದಲ್ಲಿ ಮಾಡಿ. ಮೊದಲು ಪೈನಲ್ಲಿ ‘ಯುಪಿಎಸ್‌ಸಿ -ಸಿ ಯುಪಿಎಸ್’ ಓಡಿಸಿದರೆ ಲಾಗಿನ್ ಆಗಿರುವ ಕ್ಲೈಂಟ್‌ಗಳ ವಿಳಾಸ ಬರುತ್ತದೆ. ಪೈ, ಫೈಲ್ ಸರ್ವರ್, ನ್ಯಾಸ್ ಮೂರೂ ಕಾಣಬೇಕು. ಆಮೇಲೆ ಯುಪಿಎಸ್‌ನ ಪ್ಲಗ್ ಕೀಳಬೇಡಿ, ಅದರ ಗೋಡೆಯ ಕರೆಂಟ್ ಸ್ವಿಚ್ ಆರಿಸಿ. ಹಾಗೆ ಮಾಡಿದರೆ ಅರ್ಥಿಂಗ್ ಉಳಿಯುತ್ತದೆ. ಹತ್ತು ಸೆಕೆಂಡಿನೊಳಗೆ ಫೈಲ್ ಸರ್ವರಿನ ಲಾಗ್‌ನಲ್ಲಿ ‘ಆನ್ ಬ್ಯಾಟರಿ’ ಬರಬೇಕು. ಒಂದು ನಿಮಿಷ ಬಿಟ್ಟು ಸ್ವಿಚ್ ಹಾಕಿ.

ಎರಡನೆಯ ಹಂತ ಎಫ್‌ಎಸ್‌ಡಿ. ನ್ಯಾಸ್‌ನ ಯುಪಿಎಸ್ ಆಯ್ಕೆಯನ್ನು ಆ ಹೊತ್ತಿಗೆ ಆಫ್ ಮಾಡಿಡಿ. ಪೈ ಮತ್ತು ಫೈಲ್ ಸರ್ವರ್ ಎರಡರಲ್ಲೂ ಶಟ್‌ಡೌನ್‌ಸಿಎಂಡಿ ಸಾಲಿನಲ್ಲಿ ಶಟ್‌ಡೌನ್ ಬದಲು ‘ಲಾಗರ್ ಪರೀಕ್ಷೆ’ ಎಂಬ ಕಮಾಂಡ್ ಹಾಕಿ, ನಟ್-ಮಾನಿಟರ್ ಅನ್ನು ಪೂರ್ತಿ ರೀಸ್ಟಾರ್ಟ್ ಮಾಡಿ. ಈ ಸಾಲಿಗೂ ರೀಲೋಡ್ ಸಾಲದು, ಹಳೆಯ ಕಮಾಂಡೇ ಉಳಿದು ನಿಜವಾಗಿಯೇ ಶಟ್‌ಡೌನ್ ಆಗುತ್ತದೆ. ಆಮೇಲೆ ಪೈನಲ್ಲಿ ‘ಯುಪಿಎಸ್‌ಮಾನ್ -ಸಿ ಎಫ್‌ಎಸ್‌ಡಿ’ ಕೊಡಿ. ಎರಡೂ ಯಂತ್ರಗಳ ಲಾಗ್‌ನಲ್ಲಿ ಪರೀಕ್ಷೆಯ ಸಾಲು ಬಿದ್ದ ಸಮಯ ಬರೆದುಕೊಳ್ಳಿ. ಫೈಲ್ ಸರ್ವರಿನದು ಮೊದಲು, ಪೈನದು ನಿಮ್ಮ ಫೈನಲ್‌ಡಿಲೇಯಷ್ಟು ಆಮೇಲೆ ಇರಬೇಕು. ಮುಗಿದ ಮೇಲೆ ಶಟ್‌ಡೌನ್‌ಸಿಎಂಡಿಯನ್ನು ಮೊದಲಿನಂತೆ ಮಾಡಿ, ಮೊದಲು ಪೈನ ನಟ್-ಸರ್ವರ್, ಅದಾದ ಮೇಲೆ ಎರಡೂ ಕಡೆಯ ನಟ್-ಮಾನಿಟರ್ ರೀಸ್ಟಾರ್ಟ್ ಮಾಡಿ. ಎಫ್‌ಎಸ್‌ಡಿ ಗುರುತು ಯುಪಿಎಸ್‌ಡಿ ನಿಂತು ಮತ್ತೆ ಶುರುವಾಗುವವರೆಗೂ ಅಳಿಸುವುದಿಲ್ಲ. ಅದಿನ್ನೂ ಇರುವಾಗಲೇ ಕ್ಲೈಂಟ್ ಎಬ್ಬಿಸಿದರೆ, ಈ ಸಲ ನಿಜವಾದ ಶಟ್‌ಡೌನ್ ಕಮಾಂಡ್ ಓಡುತ್ತದೆ.